ತಂದೆ ಯಾರೆಂಬ ತಕರಾರು, ಮಗುವಿನ ಜೀವನಾಂಶ



ಜೀವನಾಂಶದ ಅರ್ಜಿಗಳಿಗೆ ಸಲ್ಲಿಸುವ ಆಕ್ಷೇಪಣೆಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣಿಸುತ್ತದೆ: ‘ಎರಡನೇ ಅರ್ಜಿದಾರ ಮಗು ಈ ಎದುರುದಾರನಿಗೆ ಹುಟ್ಟಿದ್ದಲ್ಲ.’ ಟೈಪ್ ಮಾಡಲು ಒಂದು ನಿಮಿಷವೂ ಬೇಡ. ಅದು ಸುಳ್ಳೆಂದು ತೋರಿಸಲು ತಾಯಿಗೆ ವರ್ಷಗಳೇ ಬೇಕಾಗುತ್ತವೆ. ಅಷ್ಟರಲ್ಲಿ ಮಗು ಎದೆಹಾಲು ಬಿಟ್ಟಿರುತ್ತದೆ, ಅಂಗನವಾಡಿ ಮುಗಿಸಿರುತ್ತದೆ, ಒಂದನೇ ತರಗತಿಯ ಪುಸ್ತಕ ಹಿಡಿದಿರುತ್ತದೆ. ಈ ಖರ್ಚನ್ನೆಲ್ಲ ತೂಗಿಸಿದವಳು ಅವಳೊಬ್ಬಳೇ, ಇಲ್ಲವೇ ಅವಳ ತವರಿನವರು.

ತಂದೆ ಯಾರೆಂಬುದನ್ನು ನಮ್ಮ ಕಾನೂನು ಹೇಗೆ ತೀರ್ಮಾನಿಸುತ್ತದೆ, ಆ ತೀರ್ಮಾನಕ್ಕೂ ಮಗುವನ್ನು ಸಾಕುವ ಹೊಣೆಗೂ ಎಂಥ ನಂಟು ಎಂಬುದು ಈ ಉಪನ್ಯಾಸದ ವಿಷಯ. ಆ ತೀರ್ಮಾನ ಆಗುವ ತನಕ ಮಗುವಿನ ಹೊಟ್ಟೆಬಟ್ಟೆ ಯಾರ ಹೊಣೆ ಎಂಬುದು ನನ್ನ ಚಿಂತೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತೀರ್ಪುಗಳನ್ನು ಪಕ್ಷಗಾರರ ಹೆಸರಿನಿಂದ ಕರೆಯುವುದು ನಮ್ಮ ವೃತ್ತಿಯ ರೂಢಿ. ಇಂದು ಆ ರೂಢಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಒಬ್ಬ ಹೆಣ್ಣುಮಗಳ ನಡತೆಯನ್ನೂ ಒಂದು ಮಗುವಿನ ಹುಟ್ಟನ್ನೂ ತೆರೆದ ಕೋರ್ಟಿನಲ್ಲಿ ಜಾಲಾಡಿದ ಪ್ರಕರಣಗಳಿವು. ಆ ಮಕ್ಕಳು ಇವತ್ತು ಬೆಳೆದು ಎಲ್ಲೋ ಓದುತ್ತಲೋ ದುಡಿಯುತ್ತಲೋ ಇದ್ದಾರೆ. ವರ್ಷವನ್ನೂ ನ್ಯಾಯಾಲಯವನ್ನೂ ಹೇಳಿದರೆ ವಕೀಲರಿಗೆ ಯಾವ ತೀರ್ಪೆಂದು ತಿಳಿಯುತ್ತದೆ. ಮಿಕ್ಕವರಿಗೆ ಆ ಹೆಸರುಗಳು ಬೇಕಾಗಿಲ್ಲ.

1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ನಮ್ಮ ಹೆಣ್ಣುಮಕ್ಕಳಿಗೆ ಹೆಸರಿನಿಂದಲೇ ಗೊತ್ತಿದ್ದ ಕಾನೂನು. ‘ನೂರಿಪ್ಪತ್ತೈದು ಹಾಕಿದ್ದೀನಿ’ ಎಂದರೆ ಸಾಕಿತ್ತು, ಕೇಳಿದವರಿಗೆ ಅರ್ಥವಾಗುತ್ತಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಅಂಕಿ ಬದಲಾದರೂ ತಿರುಳು ಅದೇ. ಸಾಕಷ್ಟು ವರಮಾನವಿದ್ದೂ ಮಗುವನ್ನು ಸಾಕದ ತಂದೆಗೆ ತಿಂಗಳು ತಿಂಗಳು ಹಣ ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು. ಮಗು ಮದುವೆಯೊಳಗೆ ಹುಟ್ಟಿದ್ದೋ ಹೊರಗೆ ಹುಟ್ಟಿದ್ದೋ ಎಂಬ ಭೇದ ಅಲ್ಲಿಲ್ಲ. ಔರಸ, ಅನೌರಸ ಎರಡನ್ನೂ ಆ ಕಲಮು ಒಟ್ಟಿಗೇ ಹೆಸರಿಸುತ್ತದೆ.

ಆದ್ದರಿಂದ ತಾಯಿಗೆ ಹೆಂಡತಿಯ ಸ್ಥಾನ ಸಿಗದೆ ಅವಳ ಸ್ವಂತ ಬೇಡಿಕೆ ಬಿದ್ದುಹೋದರೂ ಮಗುವಿನ ಬೇಡಿಕೆ ತನ್ನ ಕಾಲ ಮೇಲೆ ನಿಲ್ಲುತ್ತದೆ. ಧರ್ಮವೂ ಇಲ್ಲಿ ಅಡ್ಡ ಬರುವುದಿಲ್ಲ. ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗಾಗಿ 1986ರಲ್ಲಿ ಬೇರೆ ಕಾಯಿದೆ ಬಂದ ಮೇಲೂ ಮಕ್ಕಳ ಜೀವನಾಂಶದ ಹಕ್ಕು 125ನೇ ಕಲಮಿನಡಿ ಹಾಗೆಯೇ ಉಳಿದಿದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯ 20ನೇ ಕಲಮು ಇನ್ನೊಂದು ದಾರಿ. ಅಲ್ಲಿಯೂ ಔರಸ, ಅನೌರಸ ಎರಡೂ ಬಗೆಯ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಹೊರಿಸಿದೆ.

ಹೀಗೆ, ಸಾಕುವ ಹೊಣೆಯ ವಿಷಯದಲ್ಲಿ ಕಾನೂನು ಉದಾರವಾಗಿಯೇ ಇದೆ. ತೊಡಕು ಶುರುವಾಗುವುದು ‘ತಂದೆ’ ಯಾರು ಎಂಬಲ್ಲಿ.

ಬ್ರಿಟಿಷ್ ಆಡಳಿತದಲ್ಲಿ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಕಾಯಿದೆಯಲ್ಲಿ 112ನೇ ಕಲಮು ಇತ್ತು. ಊರ್ಜಿತವಾಗಿರುವ ಮದುವೆಯ ಅವಧಿಯಲ್ಲಿ ಹುಟ್ಟಿದ ಮಗು, ಅಥವಾ ಮದುವೆ ಕೊನೆಗೊಂಡ ಮೇಲೆ ತಾಯಿ ಮರುಮದುವೆಯಾಗದೆ ಇರುವಾಗ 280 ದಿನಗಳೊಳಗೆ ಹುಟ್ಟಿದ ಮಗು, ಆ ಗಂಡನದೇ ಎಂಬುದಕ್ಕೆ ಆ ಹುಟ್ಟೇ ನಿರ್ಣಾಯಕ ರುಜುವಾತು. ಇದರಿಂದ ಬಿಡಿಸಿಕೊಳ್ಳಲು ಗಂಡನಿಗೆ ಇದ್ದದ್ದು ಒಂದೇ ಬಾಗಿಲು. ಮಗು ಗರ್ಭದಲ್ಲಿ ನಿಂತಿರಬಹುದಾದ ಕಾಲದಲ್ಲಿ ತಾನೂ ಹೆಂಡತಿಯೂ ಕೂಡುವ ಅವಕಾಶವೇ ಇರಲಿಲ್ಲ ಎಂದು ಅವನು ತೋರಿಸಬೇಕು. ಆಗ ತಾನು ದುಬೈಯಲ್ಲಿದ್ದೆ, ಜೈಲಿನಲ್ಲಿದ್ದೆ, ಹಡಗಿನ ಮೇಲಿದ್ದೆ ಎಂಬಂಥ ಪುರಾವೆ ಬೇಕು. ‘ನಮ್ಮಿಬ್ಬರ ನಡುವೆ ಮಾತುಕತೆ ಇರಲಿಲ್ಲ’ ಎಂದರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ಮಾತು 116ನೇ ಕಲಮಾಗಿ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ.

ಡಿಎನ್‌ಎ ಕಾಲದಲ್ಲಿ ಇಂಥ ಹಳೆಯ ನಿಯಮ ಯಾಕೆ ಎಂದು ನೀವು ಕೇಳಬಹುದು. ನಾನು ಈ ನಿಯಮದ ಪರ. ಇದು ನಿಂತಿರುವುದು ರಕ್ತದ ಲೆಕ್ಕದ ಮೇಲೆ ಅಲ್ಲ, ಮಗುವಿನ ನೆಮ್ಮದಿಯ ಮೇಲೆ. ಗಂಡಹೆಂಡಿರ ಜಗಳ ಏನೇ ಇರಲಿ, ಹುಟ್ಟಿದ ದಿನದಿಂದ ಮಗುವಿಗೆ ಕಾನೂನಿನ ಕಣ್ಣಲ್ಲಿ ಒಬ್ಬ ತಂದೆ ಇರುತ್ತಾನೆ. ಜೀವನಾಂಶ ಕೇಳಲು ಅದು ತನ್ನ ಹುಟ್ಟನ್ನು ಸಾಬೀತು ಮಾಡುತ್ತ ಕೂರಬೇಕಾಗಿಲ್ಲ. ಬಡ ಹೆಣ್ಣುಮಗಳಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದು ಕೌಟುಂಬಿಕ ನ್ಯಾಯಾಲಯದ ಮೊಗಸಾಲೆಯಲ್ಲಿ ಒಂದು ಬೆಳಗ್ಗೆ ನಿಂತರೆ ತಿಳಿಯುತ್ತದೆ. ಕೂಸನ್ನು ಸೊಂಟದ ಮೇಲೆ ಹೊತ್ತು, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಅವಳು ನಿಂತಿರುತ್ತಾಳೆ. ಚೀಲದಲ್ಲಿ ಲಗ್ನಪತ್ರಿಕೆ, ತಾಳಿ ಕಟ್ಟುವ ಹೊತ್ತಿನ ಒಂದು ಫೋಟೊ, ಮಗುವಿನ ಜನನ ಪ್ರಮಾಣಪತ್ರ. ಅಷ್ಟೇ ಅವಳ ಆಸ್ತಿ. ಮದುವೆಯನ್ನೂ ಹುಟ್ಟಿದ ದಿನಾಂಕವನ್ನೂ ಆ ಚೀಲ ತೋರಿಸಿದರೆ ಸಾಕು, ಉಳಿದದ್ದನ್ನು ಕಾನೂನು ಹೇಳುತ್ತದೆ.

ವಿಜ್ಞಾನ ಈ ನಿಯಮದ ಬಾಗಿಲು ತಟ್ಟಿದ್ದು ಮೊದಲು ರಕ್ತದ ಗುಂಪಿನ ರೂಪದಲ್ಲಿ. ಎಬಿ ಗುಂಪಿನ ಗಂಡಸಿಗೆ ಓ ಗುಂಪಿನ ಮಗು ಸಾಮಾನ್ಯವಾಗಿ ಹುಟ್ಟುವುದಿಲ್ಲ. ಇಷ್ಟನ್ನು ಆ ಪರೀಕ್ಷೆ ಹೇಳಬಲ್ಲದಾಗಿತ್ತು. ಇವನು ತಂದೆಯಲ್ಲ ಎಂದು ಕೆಲವೊಮ್ಮೆ ಹೇಳುತ್ತಿತ್ತೇ ಹೊರತು ಇವನೇ ತಂದೆ ಎಂದು ಹೇಳುತ್ತಿರಲಿಲ್ಲ. ಪಶ್ಚಿಮ ಬಂಗಾಳದ ಒಬ್ಬ ಗಂಡ ಮಗುವಿಗೆ ಜೀವನಾಂಶ ಕೊಡುವುದನ್ನು ತಪ್ಪಿಸಿಕೊಳ್ಳಲು ಈ ಪರೀಕ್ಷೆ ಕೇಳಿದಾಗ ಸುಪ್ರೀಂ ಕೋರ್ಟ್ 1993ರಲ್ಲಿ ಒಂದು ಗೆರೆ ಎಳೆಯಿತು. ಕೇಳಿದವರಿಗೆಲ್ಲ ರಕ್ತಪರೀಕ್ಷೆಗೆ ಆದೇಶ ಕೊಡಲಾಗದು. ಕೂಡುವ ಅವಕಾಶವೇ ಇರಲಿಲ್ಲವೆಂಬುದಕ್ಕೆ ಮೇಲುನೋಟಕ್ಕೇ ಗಟ್ಟಿ ಆಧಾರ ಬೇಕು. ಮಗುವಿಗೆ ಹಾದರದ ಕೂಸೆಂಬ ಹಣೆಪಟ್ಟಿ, ತಾಯಿಗೆ ಕೆಟ್ಟ ಹೆಸರು ಅಂಟೀತೇ ಎಂದು ನ್ಯಾಯಾಧೀಶರು ಮೊದಲು ಯೋಚಿಸಬೇಕು. ಮೂರು ದಶಕ ಕಳೆದರೂ ಈ ತೀರ್ಪನ್ನು ಮೀರಿಸಿದ ವಿವೇಕ ಈ ಕ್ಷೇತ್ರದಲ್ಲಿ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಡಿಎನ್‌ಎ ಬಂದದ್ದು ಬೇರೆ ಬಗೆಯಲ್ಲಿ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರಿಸ್ 1984ರಲ್ಲಿ ಡಿಎನ್‌ಎ ಬೆರಳಚ್ಚಿನ ವಿಧಾನ ಕಂಡುಹಿಡಿದರು. ಕೆಲವೇ ವರ್ಷಗಳಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಲಾಲ್‌ಜಿ ಸಿಂಗ್ ಅದನ್ನು ಇಲ್ಲಿ ನೆಲೆಗೊಳಿಸಿದರು. ಭಾರತದಲ್ಲಿ ತಂದೆತನದ ವ್ಯಾಜ್ಯಕ್ಕೆ ಅದು ಮೊದಲು ಬಳಕೆಯಾದದ್ದು ನಮ್ಮ ನೆರೆಯ ಕೇರಳದ ತಲಶ್ಶೇರಿಯಲ್ಲಿ. ಮದುವೆಯಾಗದ ತಾಯಿಯೊಬ್ಬಳು ಮಗನಿಗಾಗಿ ಹಾಕಿದ್ದ ಜೀವನಾಂಶದ ಅರ್ಜಿಯದು. ಗಂಡಸು ತಾನಲ್ಲ ಎಂದ. ಪರೀಕ್ಷೆ ಅವನೇ ಎಂದಿತು. ಆ ಸಾಕ್ಷ್ಯವನ್ನು 1991ರಲ್ಲಿ ಕೇರಳ ಹೈಕೋರ್ಟ್ ಎತ್ತಿಹಿಡಿಯಿತು. ಇದನ್ನು ನಾನು ಎತ್ತಿ ಹೇಳಲು ಕಾರಣವಿದೆ. ಡಿಎನ್‌ಎ ಪರೀಕ್ಷೆ ನಮ್ಮ ಕೋರ್ಟುಗಳಿಗೆ ಮಗುವಿನ ಕೈಹಿಡಿಯಲು ಬಂತು. ಈಗ ಅದನ್ನು ಹೆಚ್ಚಾಗಿ ಕೇಳುತ್ತಿರುವವರು ಮಗುವಿನ ಕೈಬಿಡಬೇಕೆಂದಿರುವವರು.

ಪರೀಕ್ಷೆ ನಡೆಯುವ ಬಗೆಯನ್ನು ಇಲ್ಲಿರುವ ವಿದ್ಯಾರ್ಥಿಗಳು ತಿಳಿದಿರಬೇಕು. ಆದೇಶವಾದ ಮೇಲೆ ತಾಯಿ, ಮಗು, ಆ ಗಂಡಸು ಮೂವರೂ ಗೊತ್ತುಮಾಡಿದ ದಿನ ಹಾಜರಾಗುತ್ತಾರೆ. ಗುರುತಿನ ನಮೂನೆಯಲ್ಲಿ ಒಬ್ಬೊಬ್ಬರ ಫೋಟೊ ಅಂಟಿಸಿ ಸಹಿ, ಹೆಬ್ಬೆಟ್ಟು ಪಡೆಯುತ್ತಾರೆ. ಕೂಸಿನ ಪುಟ್ಟ ಬೆರಳನ್ನು ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಬೇಕು. ಅದು ಮುಷ್ಟಿ ಬಿಡುವುದಿಲ್ಲ, ತಾಯಿಯೇ ಒಂದೊಂದಾಗಿ ಬೆರಳು ಬಿಡಿಸುತ್ತಾಳೆ. ಆಮೇಲೆ ಸೂಜಿ. ರಕ್ತದ ಮಾದರಿಗೆ ಮೊಹರು ಬಿದ್ದು ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಬೇರೆ ಪ್ರಯೋಗಾಲಯಕ್ಕೋ ಹೋಗುತ್ತದೆ. ಪ್ರತಿ ಗುರುತಿನ ಜಾಗದಲ್ಲೂ ಮಗುವಿಗೆ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದಿರುತ್ತದೆ. ತಾಯಿಯ ಪಾಲನ್ನು ಕಳೆದು ಉಳಿದದ್ದು ಆ ಗಂಡಸಿನಲ್ಲಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಹಲವು ಜಾಗಗಳಲ್ಲಿ ತಾಳೆಯಾಗದಿದ್ದರೆ ಅವನು ತಂದೆಯಲ್ಲ. ಎಲ್ಲ ಕಡೆ ತಾಳೆಯಾದರೆ ಅವನೇ ತಂದೆ ಎಂಬ ಸಂಭವ ಎಷ್ಟೆಂದು ಲೆಕ್ಕ ಕೊಡುತ್ತಾರೆ. ವಿಜ್ಞಾನದ ಬಗ್ಗೆ ನನಗೆ ತಕರಾರಿಲ್ಲ. ವರದಿ ಬರುವವರೆಗೆ ಮುಖ್ಯ ಅರ್ಜಿ ವಾಯಿದೆಯಿಂದ ವಾಯಿದೆಗೆ ಹೋಗುತ್ತಿರುತ್ತದಲ್ಲ, ಅದೇ ನನ್ನ ತಕರಾರು.

ಈ ಪರೀಕ್ಷೆಯ ಮುಂದೆ 112ನೇ ಕಲಮು ನಿಲ್ಲುತ್ತದೆಯೇ? ಸುಪ್ರೀಂ ಕೋರ್ಟ್ 2001ರಲ್ಲಿ ನಿಲ್ಲುತ್ತದೆ ಎಂದಿತು. ಗರ್ಭ ನಿಂತ ಕಾಲದಲ್ಲಿ ಗಂಡಹೆಂಡತಿ ಒಟ್ಟಿಗಿದ್ದರೆ ಡಿಎನ್‌ಎ ವರದಿ ವಿರುದ್ಧವಾಗಿದ್ದರೂ ಕಾನೂನಿನ ಮಾತೇ ಕೊನೆಯದು ಎಂಬುದು ಆಗಿನ ನಿಲುವು. 2014ರ ಜನವರಿಯಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಅದೇ ನ್ಯಾಯಾಲಯ ತಿರುಗಿ ನಿಂತಿತು. ಪರೀಕ್ಷೆ ನಡೆದು ಗಂಡ ತಂದೆಯಲ್ಲ ಎಂದು ಖಚಿತವಾಗಿದ್ದಾಗ, ಸತ್ಯ ಕಣ್ಣೆದುರು ಇರುವಾಗ, ಊಹೆಗೆ ಜೋತುಬೀಳಲಾಗದು ಎಂದು ಹೇಳಿ ಹೆಣ್ಣುಮಗುವಿಗೆ ಕೊಡಬೇಕಿದ್ದ ಜೀವನಾಂಶವನ್ನು ರದ್ದು ಮಾಡಿತು. ಅದುವರೆಗೆ ಕೊಟ್ಟ ಹಣವನ್ನು ಮರಳಿ ವಸೂಲು ಮಾಡಕೂಡದು ಎಂದೂ ಅದೇ ತೀರ್ಪು ಹೇಳಿದೆ. ಈ ಎರಡನೇ ಮಾತನ್ನು ಎದುರುದಾರರ ವಕೀಲರು ಉಲ್ಲೇಖಿಸುವುದು ಅಪರೂಪ, ಆದ್ದರಿಂದ ಕಿರಿಯ ವಕೀಲರು ಗುರುತು ಹಾಕಿಕೊಳ್ಳಲಿ.

ತನ್ನದಲ್ಲದ ಮಗುವಿನ ಹೊರೆಯನ್ನು ಒಬ್ಬ ಮನುಷ್ಯನ ಮೇಲೆ ಬಲವಂತವಾಗಿ ಹೊರಿಸಬಾರದು ಎಂಬ ನ್ಯಾಯ ನನಗೂ ಅರ್ಥವಾಗುತ್ತದೆ. ಆದರೆ 2014ರ ತೀರ್ಪು ಬಂದ ಮೇಲೆ ‘ಪರೀಕ್ಷೆ ಮಾಡಿಸಿಬಿಡಿ, ಗೊತ್ತಾಗಲಿ’ ಎಂಬ ಧಾಟಿ ಕೆಳ ನ್ಯಾಯಾಲಯಗಳಲ್ಲಿ ಹರಡಿತು. ಸುಮ್ಮನೆ ಸಂಶಯಪಡುವ ಗಂಡನಿಗೂ ಅದು ಆಯುಧವಾಯಿತು. ಇದಕ್ಕೆ ಕಡಿವಾಣ ಬಿದ್ದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಅವರೊಡನೆ ಕೂತ ಪೀಠದಲ್ಲಿ. ವಿಚ್ಛೇದನದ ಪ್ರಕರಣದಲ್ಲಿ ಗಂಡ ಕೇಳಿದ್ದ ಡಿಎನ್‌ಎ ಪರೀಕ್ಷೆಗೆ ಕೆಳಗಿನ ನ್ಯಾಯಾಲಯಗಳು ಒಪ್ಪಿದ್ದವು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮಗು ಆ ವ್ಯಾಜ್ಯದಲ್ಲಿ ಪಕ್ಷಗಾರನೇ ಅಲ್ಲ. ಅದರ ದೇಹದೊಳಗಿನ ಮಾಹಿತಿ ಅದರ ಖಾಸಗಿತನಕ್ಕೆ ಸೇರಿದ್ದು. ತಂದೆತಾಯಿಯ ಜಗಳದಲ್ಲಿ ಅದನ್ನು ದಾಳವಾಗಿ ಬಳಸಕೂಡದು. ಹೆಂಡತಿಯ ನಡತೆ ಸಾಬೀತುಪಡಿಸಬೇಕಿದ್ದರೆ ಗಂಡ ಬೇರೆ ಸಾಕ್ಷ್ಯ ತರಲಿ. ಮಗುವನ್ನು ಕೇಂದ್ರದಲ್ಲಿಟ್ಟು ಈ ಪ್ರಶ್ನೆಯನ್ನು ಇಷ್ಟು ಕಾಳಜಿಯಿಂದ ನೋಡಿದ ತೀರ್ಪು ನಮ್ಮಲ್ಲಿ ವಿರಳ.

ಇನ್ನೊಂದು ಬಗೆಯ ಪ್ರಕರಣವಿದೆ: ಮಗುವೇ ತನ್ನ ನಿಜವಾದ ತಂದೆಯನ್ನು ಹುಡುಕಿಕೊಂಡು ಬರುವುದು. ಉತ್ತರ ಪ್ರದೇಶ, ಉತ್ತರಾಖಂಡ ಎರಡಕ್ಕೂ ಮುಖ್ಯಮಂತ್ರಿಯಾಗಿದ್ದ ಎನ್.ಡಿ. ತಿವಾರಿ ಅವರ ಮೇಲೆ ಒಬ್ಬ ಯುವಕ ದೆಹಲಿ ಹೈಕೋರ್ಟಿನಲ್ಲಿ ಹೂಡಿದ್ದ ದಾವೆ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ನಡೆಯಿತು. ಅವನು ಹುಟ್ಟಿದಾಗ ತಾಯಿ ಬೇರೊಬ್ಬರ ಹೆಂಡತಿ. ಆದರೂ, ಕಾನೂನು ಒಪ್ಪುವ ತಂದೆ ಯಾರು ಎಂಬುದು ಒಂದು, ಹುಟ್ಟಿಸಿದ ತಂದೆ ಯಾರು ಎಂಬುದು ಇನ್ನೊಂದು ಎಂದು ಬೇರ್ಪಡಿಸಿ ಹೈಕೋರ್ಟ್ 2010ರಲ್ಲಿ ಪರೀಕ್ಷೆಗೆ ಆದೇಶಿಸಿತು. 2012ರ ಜುಲೈಯಲ್ಲಿ ವರದಿ ಬಂತು, ತಿವಾರಿಯವರೇ ತಂದೆ ಎಂದಾಯಿತು.

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಬೇರ್ಪಡಿಕೆಯನ್ನು ಒಪ್ಪಲಿಲ್ಲ. ಕೇರಳದ ಒಬ್ಬ ಯುವಕನ ಪ್ರಕರಣ. ಹುಟ್ಟಿದಾಗ ತಾಯಿಗೆ ಮದುವೆಯಾಗಿತ್ತು, ಆಗ ಗಂಡನೊಂದಿಗೇ ಇದ್ದಳು. ಮುಂದೆ ವಿಚ್ಛೇದನವಾಯಿತು. ಮಗ ಬೇರೊಬ್ಬರನ್ನು ತಂದೆಯೆಂದು ತೋರಿಸಿ ಅವರಿಂದ ಜೀವನಾಂಶ ಕೇಳಿದ. ನ್ಯಾಯಮೂರ್ತಿಗಳಾದ ಸೂರ್ಯಕಾಂತ್ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಹೇಳಿದ್ದು ಇಷ್ಟು: ಔರಸತ್ವ ನಿರ್ಧಾರವಾದರೆ ತಂದೆತನವೂ ನಿರ್ಧಾರವಾದಂತೆ. ಗಂಡಹೆಂಡತಿ ಕೂಡುವ ಅವಕಾಶ ಇರಲಿಲ್ಲವೆಂದು ಸಾಬೀತಾಗುವ ತನಕ ಕಾನೂನಿನ ತಂದೆ ತಾಯಿಯ ಗಂಡನೇ. ಮೂರನೆಯವರನ್ನು ಪರೀಕ್ಷೆಗೆ ಎಳೆಯುವಂತಿಲ್ಲ.

ಈ ತೀರ್ಪನ್ನು 2014ರ ತೀರ್ಪಿನ ಪಕ್ಕದಲ್ಲಿಟ್ಟು ನೋಡಿ. ಗಂಡ ಡಿಎನ್‌ಎ ವರದಿ ತೋರಿಸಿ ಹೊಣೆಯಿಂದ ಹೊರನಡೆಯಬಹುದು. ಹುಟ್ಟಿಸಿದವನು ತಾಯಿಯ ಮದುವೆಯನ್ನು ತೋರಿಸಿ ಹೊಣೆಯೊಳಗೆ ಬರದೆಯೇ ಉಳಿಯಬಹುದು. ಒಂದೊಂದು ತೀರ್ಪಿನಲ್ಲೂ ತನ್ನದೇ ತರ್ಕವಿದೆ. ಎರಡರ ನಡುವಿನ ಸಂದಿಯಲ್ಲಿ ಬಿದ್ದ ಮಗುವಿಗೆ ಮಾತ್ರ ಇಬ್ಬರು ತಂದೆಯರ ಹೆಸರು ಕೇಳಿ ಒಬ್ಬರಿಂದಲೂ ಒಂದು ರೂಪಾಯಿ ಬರದೆ ಹೋಗಬಹುದು. ನನ್ನ ಸಲಹೆ ಇದು: ಗಂಡ ‘ನನ್ನದಲ್ಲ’ ಎನ್ನುತ್ತ ಬೇರೊಬ್ಬನ ಹೆಸರು ಹೇಳಿದ ದಿನವೇ ನ್ಯಾಯಾಲಯ ಆ ಬೇರೊಬ್ಬನಿಗೂ ನೋಟಿಸ್ ಕಳಿಸಲಿ. ಇಬ್ಬರೂ ಒಂದೇ ಪ್ರಕರಣದಲ್ಲಿ ಎದುರು ನಿಲ್ಲಲಿ. ಒಬ್ಬನನ್ನು ಬಿಡುಗಡೆ ಮಾಡುವ ಆದೇಶದಲ್ಲೇ ಹೊಣೆ ಯಾರಿಗೆ ಹೋಗುತ್ತದೆ ಎಂಬುದೂ ಇರಲಿ. ಇದಕ್ಕೆ ಸಂಸತ್ತು ಕಾನೂನು ಮಾಡಿದರೆ ಒಳ್ಳೆಯದು. ಅಲ್ಲಿಯವರೆಗೆ ಹೈಕೋರ್ಟುಗಳು ಈ ಬಗ್ಗೆ ಯೋಚಿಸಬೇಕು.

ಮದುವೆಯ ಹೊರಗೆ ಹುಟ್ಟಿದ ಮಗುವಿನ ಪಾಡು ಇದಕ್ಕಿಂತ ಕಷ್ಟ. ಅದಕ್ಕೆ 112ರ ಆಸರೆ ಇಲ್ಲ, ರುಜುವಾತಿನ ಭಾರವೆಲ್ಲ ತಾಯಿಯ ತಲೆಯ ಮೇಲೆ. ಅಮೆರಿಕದಲ್ಲಿ ಮದುವೆಯಾಗದ ಜೋಡಿಗೆ ಮಗು ಹುಟ್ಟಿದಾಗ ಆಸ್ಪತ್ರೆಯಲ್ಲೇ ಒಂದು ಒಪ್ಪಿಗೆ ಪತ್ರ ಕೊಡುತ್ತಾರೆ. ತಂದೆ ಸಹಿ ಮಾಡಿದರೆ, 60 ದಿನಗಳೊಳಗೆ ಹಿಂತೆಗೆದುಕೊಳ್ಳದಿದ್ದರೆ, ಅದೇ ನ್ಯಾಯಾಲಯದ ತೀರ್ಮಾನದಷ್ಟು ಬಲದ್ದು. ಅಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಕೆಲವರಿಗೆ ಆ ಕಾಗದದ ಪರಿಚಯವಿರುತ್ತದೆ. ನಮ್ಮಲ್ಲಿ ಅಂಥ ಕಾಗದವೇ ಇಲ್ಲ. ಒಪ್ಪಿಕೊಳ್ಳಲು ಮನಸ್ಸಿರುವ ತಂದೆಗೂ ಒಪ್ಪಿಕೊಳ್ಳಲು ಒಂದು ನಮೂನೆ ಇಲ್ಲ, ಒಂದು ಕಚೇರಿ ಇಲ್ಲ.

ಹಾಗಾಗಿ ತಾಯಿ ಚೂರುಪಾರು ಜೋಡಿಸಬೇಕು. ಹೆರಿಗೆಗೆ ದಾಖಲಾದಾಗ ಆಸ್ಪತ್ರೆಯ ನಮೂನೆಯಲ್ಲಿ ಗಂಡನೆಂದು ಸಹಿ ಹಾಕಿದವನು ಯಾರು, ತಾಯಿ ಕಾರ್ಡಿನಲ್ಲಿ ಗಂಡನ ಹೆಸರಿನ ಜಾಗದಲ್ಲಿ ಏನು ಬರೆದಿದೆ, ಬಾಡಿಗೆ ಕರಾರು ಯಾರ ಹೆಸರಿನಲ್ಲಿತ್ತು, ಫೋನಿನಲ್ಲಿ ಯಾವ ಸಂದೇಶ ಉಳಿದಿದೆ, ಎದುರುಮನೆಯ ಅಜ್ಜಿ ಸಾಕ್ಷಿ ಹೇಳಲು ಬರುತ್ತಾಳೋ ಇಲ್ಲವೋ. ಇವೆಲ್ಲ ಸೇರಿದರೆ ಜೀವನಾಂಶದ ಮಟ್ಟಿಗೆ ಸಾಕಷ್ಟು ಬಲವೇ. ಜೀವನಾಂಶದ ವಿಚಾರಣೆ ಸಂಕ್ಷಿಪ್ತ ಬಗೆಯದು. ಮದುವೆಯನ್ನೇ ಇಲ್ಲಿ ಕಟ್ಟುನಿಟ್ಟಾಗಿ ರುಜುವಾತು ಮಾಡಬೇಕಿಲ್ಲ, ಬಹುಕಾಲ ಗಂಡಹೆಂಡಿರಂತೆ ಬಾಳಿದ್ದರೆ ಸಾಕು ಎಂದು ಕರ್ನಾಟಕದಿಂದ ಹೋದ ಮೇಲ್ಮನವಿಯಲ್ಲೇ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟಾದರೂ ಗಂಡಸು ನಿರಾಕರಿಸಿದರೆ ಆಗ ಡಿಎನ್‌ಎ ತಾಯಿಯ ಕೈಯ ಅಸ್ತ್ರ. ಅವನನ್ನು ಕಟ್ಟಿಹಾಕಿ ರಕ್ತ ತೆಗೆಯಲಾಗದಿರಬಹುದು. ಆದರೆ ಆದೇಶವಾದ ಮೇಲೂ ಪರೀಕ್ಷೆಗೆ ಬರದಿದ್ದರೆ ವರದಿ ಅವನ ವಿರುದ್ಧವೇ ಇರುತ್ತಿತ್ತು ಎಂದು ನ್ಯಾಯಾಲಯ ಊಹಿಸಬಹುದು. ಇದಕ್ಕೆ 2003ರ ತೀರ್ಪಿನ ಆಧಾರವಿದೆ.

‘ಎರಡನೇ ಸಂಬಂಧ’ದ ಮಕ್ಕಳ ಸ್ಥಿತಿ ಮಾತ್ರ ಕಳೆದ ಐವತ್ತು ವರ್ಷಗಳಲ್ಲಿ ಬಹಳ ಸುಧಾರಿಸಿದೆ. ಮೊದಲ ಹೆಂಡತಿ ಇರುವಾಗ ಆದ ಮದುವೆ ಅಸಿಂಧು. ಆದರೆ ಹಿಂದೂ ವಿವಾಹ ಕಾಯಿದೆಯ 16ನೇ ಕಲಮು, 1976ರ ತಿದ್ದುಪಡಿಯ ಬಳಿಕ, ಅದರಲ್ಲಿ ಹುಟ್ಟಿದ ಮಕ್ಕಳನ್ನು ಔರಸರೆಂದೇ ಎಣಿಸುತ್ತದೆ. ಅಂಥ ಒಬ್ಬ ಮಗನಿಗೆ ಅನುಕಂಪದ ನೌಕರಿ ನಿರಾಕರಿಸಿದ್ದನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ರದ್ದು ಮಾಡಿತು. ತಪ್ಪು ತಂದೆತಾಯಿಯದಿರಬಹುದು, ಹುಟ್ಟಿದ ಮಗುವಿನದಲ್ಲ ಎಂಬುದು ಅದರ ಆಶಯ. ತಂದೆಯ ಪಾಲಿಗೆ ಬರುವ ಪಿತ್ರಾರ್ಜಿತದಲ್ಲೂ ಈ ಮಕ್ಕಳಿಗೆ ಹಕ್ಕಿದೆ ಎಂಬ 2023ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಕೂಡ ನಮ್ಮ ರಾಜ್ಯದಿಂದ ಹೋದ ವ್ಯಾಜ್ಯದ ಫಲ.

ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ರಾಯಚೂರು, ವಿಜಯನಗರ ಜಿಲ್ಲೆಗಳ ಕಡೆಯಿಂದ ಬಂದವರಿಗೆ ನಾನು ಇನ್ನು ಯಾರ ವಿಷಯಕ್ಕೆ ಬರುತ್ತೇನೆಂದು ಹೇಳಬೇಕಿಲ್ಲ. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯಿದೆ ನಮ್ಮ ವಿಧಾನಮಂಡಲದಲ್ಲಿ 1982ರಲ್ಲೇ ಆಯಿತು. ಮುತ್ತು ಕಟ್ಟುವುದು ಅಪರಾಧ ಎಂದಿತು. ಆ ತಾಯಂದಿರ ಮಕ್ಕಳ ತಂದೆಯರ ಬಗ್ಗೆ ತುಟಿ ಬಿಚ್ಚಲಿಲ್ಲ. ಊರಿಗೆಲ್ಲ ಗೊತ್ತಿರುವ ತಂದೆ ಅದೇ ಊರಿನಲ್ಲಿ ಹೊಲ ಮನೆ ಮಾಡಿಕೊಂಡಿರುತ್ತಾನೆ. ಮಗು ಶಾಲೆಯಲ್ಲಿ ತಂದೆಯ ಹೆಸರು ಕೇಳಿದಾಗ ತಲೆ ತಗ್ಗಿಸುತ್ತದೆ. ತಲೆ ತಗ್ಗಿಸಬೇಕಾದವನು ಚಾವಡಿಯಲ್ಲಿ ಕೂತಿರುತ್ತಾನೆ. ಈ ಮಕ್ಕಳೇ ಸಂಘಟಿತರಾಗಿ ಹೋರಾಡಿದ ಫಲವಾಗಿ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ತಂದೆಯನ್ನು ಗುರುತಿಸಿಕೊಳ್ಳುವ, ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಅದು ಮಗುವಿನ ಕೈಗೆ ಕೊಡುತ್ತದೆ. ದಾಖಲೆಗಳಲ್ಲಿ ತಂದೆಯ ಹೆಸರಿಗಾಗಿ ಪೀಡಿಸುವುದನ್ನೂ ತಡೆಯುತ್ತದೆ.

ತಂದೆಯನ್ನು ಕೇಳುವ ಹಕ್ಕು, ಹೆಸರು ಹೇಳದಿರುವ ಸ್ವಾತಂತ್ರ್ಯ ಇವೆರಡೂ ಒಟ್ಟಿಗೆ ಬಂದದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಳಾಗಬಹುದು, ಜನನ ಪ್ರಮಾಣಪತ್ರ ಪಡೆಯಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2016ರ ಕೊನೆಗೆ ಪಾಸ್‌ಪೋರ್ಟಿಗೆ ತಂದೆ ಅಥವಾ ತಾಯಿ ಒಬ್ಬರ ಹೆಸರು ಸಾಕೆಂದಾಯಿತು, 2018ರಲ್ಲಿ ಪ್ಯಾನ್ ಕಾರ್ಡಿಗೂ ಒಂಟಿ ತಾಯಿಯ ಮಕ್ಕಳಿಗೆ ತಂದೆಯ ಹೆಸರಿನ ಕಡ್ಡಾಯ ತಪ್ಪಿತು. ಎಲ್ಲವೂ ಸ್ವಾಗತಾರ್ಹ. ಆದರೆ ಅರ್ಜಿಯಿಂದ ತಂದೆಯ ಹೆಸರು ಹೋಯಿತೆಂದರೆ ತಂದೆಯ ಹೊಣೆಯೂ ಹೋಯಿತೆಂದು ಕೆಲವರು ತಿಳಿದಿದ್ದಾರೆ. ‘ಹೆಸರೇ ಬರೆಸಿಲ್ಲ, ಈಗ ದುಡ್ಡು ಹೇಗೆ ಕೇಳುತ್ತೀಯಮ್ಮ?’ ಎಂದು ತಾಯಿಯನ್ನು ಪಾಟಿಸವಾಲಿನಲ್ಲಿ ಹೀಯಾಳಿಸುವುದನ್ನು ಕೇಳಿದ್ದೇನೆ. ಜನನ ಪ್ರಮಾಣಪತ್ರದ ಖಾಲಿ ಜಾಗ ಅವಳ ಮಾನ ಕಾಪಾಡಿಕೊಳ್ಳಲು ಕಾನೂನು ಕೊಟ್ಟ ಅನುಕೂಲ. ಅದನ್ನು ತಂದೆಗೆ ಬರೆದುಕೊಟ್ಟ ಬಿಡುಗಡೆ ಪತ್ರ ಎಂದು ಓದುವ ಅಧಿಕಾರ ಯಾರಿಗೂ ಇಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತಂದೆತನದ ತಕರಾರು ಇತ್ಯರ್ಥವಾಗುವ ತನಕ ಮಗು ಕಾಯಬೇಕೆಂದು ಯಾವ ಕಾನೂನೂ ಹೇಳಿಲ್ಲ. 1973ರ ಸಂಹಿತೆಯಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು. ಮಧ್ಯಂತರ ಜೀವನಾಂಶವನ್ನು ಸ್ಪಷ್ಟವಾಗಿ ಸೇರಿಸಿತು. ನೋಟಿಸ್ ಮುಟ್ಟಿದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ಮಧ್ಯಂತರ ಅರ್ಜಿ ತೀರ್ಮಾನವಾಗಬೇಕು ಎಂದಿತು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯವಾಗುವ ಮಾರ್ಗಸೂಚಿ ಕೊಟ್ಟಿತು. ಎರಡೂ ಕಡೆಯವರು ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಇಷ್ಟೆಲ್ಲ ಸಾಧನ ಕೈಯಲ್ಲಿದ್ದೂ ‘ಡಿಎನ್‌ಎ ವರದಿ ಬರಲಿ, ನೋಡೋಣ’ ಎಂದು ಮಧ್ಯಂತರ ಅರ್ಜಿಯನ್ನು ಪಕ್ಕಕ್ಕಿಡುವುದು ಸರಿಯಲ್ಲ. ಮೇಲುನೋಟಕ್ಕೆ ಆಧಾರವಿದ್ದರೆ ಮಧ್ಯಂತರ ಆದೇಶ ಮೊದಲು ಆಗಬೇಕು. ಪರೀಕ್ಷೆ ಕೇಳುವ ಗಂಡಸು ಪರೀಕ್ಷೆಯ ಖರ್ಚನ್ನೂ ಅದುವರೆಗಿನ ಮಧ್ಯಂತರ ಜೀವನಾಂಶವನ್ನೂ ನ್ಯಾಯಾಲಯದಲ್ಲಿ ಠೇವಣಿ ಇಟ್ಟು ಕೇಳಲಿ. ನಿಜವಾದ ಸಂಶಯವಿರುವವನಿಗೆ ಇದು ಭಾರವಲ್ಲ. ಕಾಲ ತಳ್ಳಲು ಬಂದವನು ಠೇವಣಿಯ ಮಾತು ಬಂದ ಕೂಡಲೇ ಅರ್ಜಿ ಹಿಂತೆಗೆದುಕೊಳ್ಳುತ್ತಾನೆ.

ತಾಯಂದಿರ ಪರ ನಿಲ್ಲುವ ಕಿರಿಯ ವಕೀಲರಿಗೆ ಕೆಲವು ಕಿವಿಮಾತು. ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಅರ್ಜಿ, ಅದರ ಜೊತೆಗೇ ಆದಾಯದ ಪ್ರಮಾಣಪತ್ರ ಹೋಗಲಿ, ಇನ್ನೊಂದು ವಾಯಿದೆಗೆ ಬಿಡಬೇಡಿ. ಮಗುವಿನ ಹೆಸರನ್ನು ತಾಯಿಯ ಹೆಸರಿನ ಕೆಳಗೆ ಔಪಚಾರಿಕವಾಗಿ ಸೇರಿಸಿ ಮರೆಯಬೇಡಿ. ಮಗುವಿನ ಬೇಡಿಕೆಗೆ ಬೇರೆ ಪ್ಯಾರಾ, ಬೇರೆ ಮೊತ್ತ, ಬೇರೆ ಪ್ರಾರ್ಥನೆ ಇರಲಿ. ವಕೀಲರ ಫೀಸು ಕೊಡಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಡಿ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಇದೆ. 15100ಕ್ಕೆ ಕರೆ ಮಾಡಿದರೂ ಆಗುತ್ತದೆ.

ಆದೇಶ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಹಣ ಕಟ್ಟದಿದ್ದರೆ ದಂಡ ವಸೂಲಿಯ ರೀತಿಯಲ್ಲಿ ವಾರಂಟ್ ಹೊರಡಿಸಬಹುದು, ವಾರಂಟ್ ಜಾರಿಯಾದ ಮೇಲೂ ಬಾಕಿ ಉಳಿದರೆ ತಿಂಗಳೊಂದರ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ ಆಯಿತು ಎಂದು ಅನೇಕ ಗಂಡಸರು ನಂಬಿದ್ದಾರೆ. ಹಾಗಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ತೀರ್ಪು ಕೊಟ್ಟಿದೆ. ಜೈಲು ಕೊಡಿಸುವುದಕ್ಕೆ ಇರುವ ಒತ್ತಡವೇ ಹೊರತು ಕೊಡಬೇಕಾದ್ದರ ಬದಲಿಯಲ್ಲ, ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ಇನ್ನೊಂದು ಗಡುವನ್ನು ತಾಯಂದಿರಿಗೆ ಬಿಡಿಸಿ ಹೇಳಿ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಈ ವಾರಂಟಿನ ದಾರಿ ಮುಚ್ಚುತ್ತದೆ. ಮೂರು ವರ್ಷದ ಬಾಕಿ ಒಟ್ಟಾದ ಮೇಲೆ ಒಂದೇ ಸಲ ಕೇಳೋಣವೆಂದು ಕಾದವರು ಎರಡು ವರ್ಷದ್ದನ್ನು ಹೀಗೆ ಕಳೆದುಕೊಂಡಿದ್ದಾರೆ. ಆದೇಶದ ಪ್ರತಿ ಕೈಗೆ ಕೊಡುವಾಗಲೇ ಅದರ ಬೆನ್ನ ಮೇಲೆ ಮುಂದಿನ ವರ್ಷದ ಅದೇ ದಿನಾಂಕವನ್ನು ಪೆನ್ನಿನಲ್ಲಿ ದೊಡ್ಡದಾಗಿ ಬರೆದುಕೊಡಿ. ಅದಕ್ಕೆ ಒಂದು ತಿಂಗಳು ಮುಂಚೆಯೇ ಬಂದು ನಿಮ್ಮನ್ನು ಕಾಣಲು ಹೇಳಿ ಕಳಿಸಿ.